ಹೈಸ್ಕೂಲ್ ಮಕ್ಕಳಿಗೆ ತಮ್ಮತನವೂ ಇರಲಿ, ಗುಂಪೂ ಇರಲಿ: ಕ್ಲಾಸ್ ಟೀಚರ್ ಏನು ಮಾಡಬಹುದು?

ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳಿಗೆ ಎರಡು ಆಸೆ ಒಟ್ಟಿಗೇ ಇರುತ್ತವೆ. ನಾನು ಎಲ್ಲರ ಹಾಗಲ್ಲ ಅನ್ನಿಸಿಕೊಳ್ಳಬೇಕು, ಆದರೆ ಊಟದ ಹೊತ್ತಿಗೆ ಒಬ್ಬನೇ ಕೂರಬಾರದು. ‘ನಿನ್ನ ಹಾಗೆ ನೀನಿರು’ ಅಂತ ಸುಮ್ನೆ ಭಾಷಣ ಮಾಡಿದರೆ ಇದು ಬಗೆಹರಿಯುವುದಿಲ್ಲ. ಪ್ರತಿ ಮಗುವಿನ ಹತ್ತಿರವೂ ಉಳಿದವರಿಗೆ ಬೇಕಾದದ್ದು ಏನಾದರೂ ಇರಬೇಕು. ಹಾಗೆ ಕೆಲಸ ಹಂಚುವುದು ನಿಮ್ಮ ಕೈಲಿದೆ.

ಎಲಿಯಟ್ ಆರನ್‌ಸನ್ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಬಿಳಿಯ, ಕಪ್ಪು, ಮೆಕ್ಸಿಕನ್ ಮೂಲದ ಮಕ್ಕಳು ಹೊಸದಾಗಿ ಒಂದೇ ತರಗತಿಗೆ ಬಂದಿದ್ದ ಕಾಲ ಅದು, ಜಗಳ ಜೋರಾಗಿತ್ತು. ಆ ವಿಧಾನದ ಹೆಸರು ಜಿಗ್ಸಾ, ಅಂದರೆ ತುಂಡು ಜೋಡಿಸಿ ಚಿತ್ರ ಮಾಡುವ ಆಟ.

ಮೊದಲು ಐದೈದು ಮಕ್ಕಳ ಗುಂಪು ಮಾಡಿ. ನೀವೇ ಮಾಡಿ. ಮಕ್ಕಳಿಗೇ ಬಿಟ್ಟರೆ ಹಳೇ ಗೆಳೆಯರೆಲ್ಲ ಒಂದು ಕಡೆ ಸೇರುತ್ತಾರೆ, ಯಾರೂ ಕರೆಯದೆ ಉಳಿದುಬಿಡುವ ಮಗುವಿಗೆ ಎಷ್ಟು ನೋವಾಗುತ್ತೆ ಅಲ್ವಾ? ಪಾಠವನ್ನೂ ಐದು ತುಂಡು ಮಾಡಿ. ಭೂಕಂಪದ ಪಾಠ ಅಂದುಕೊಳ್ಳಿ: ಯಾಕೆ ಆಗುತ್ತೆ, ಅಳೆಯುವುದು ಹೇಗೆ, ಸುನಾಮಿ, ಕಟ್ಟಡಗಳು, ನೆಲ ನಡುಗುವಾಗ ಏನು ಮಾಡಬೇಕು. ಒಬ್ಬರಿಗೆ ಒಂದೇ ತುಂಡು. ಎಲ್ಲ ಗುಂಪುಗಳಲ್ಲೂ ಸುನಾಮಿ ತುಂಡು ಸಿಕ್ಕ ಮಕ್ಕಳು ಮೊದಲು ಒಂದು ಕಡೆ ಕೂತು ಚರ್ಚಿಸಿ, ಗೊತ್ತಾಗದ್ದನ್ನು ಕೇಳಿ ತಿಳಿದುಕೊಂಡು, ಆಮೇಲೆ ತಮ್ಮ ಗುಂಪಿಗೆ ಹೋಗಿ ಕಲಿಸಬೇಕು. ನಿಧಾನವಾಗಿ ಓದುವ ಮಗುವಿಗೆ ಈ ನಡುವಿನ ಹಂತವೇ ಆಸರೆ, ಇದನ್ನು ಬಿಡಬೇಡಿ.

ತೊಂದರೆ ಬರುವುದು ಇಲ್ಲೇ. ಸುನಾಮಿ ಪಾಲಿನ ಹುಡುಗಿ ಮಾತಿಗೆ ತಡವರಿಸುತ್ತಾಳೆ, ಪಕ್ಕದವನು ‘ಬೇಗ ಹೇಳೇ’ ಅಂತಾನೆ. ಗದರಿಸಬೇಡಿ. ‘ಇದರ ಮೇಲೂ ಪ್ರಶ್ನೆ ಬರುತ್ತೆ, ನಿಮ್ಮ ಗುಂಪಲ್ಲಿ ಓದಿರೋದು ಅವಳೊಬ್ಬಳೇ’ ಅಂತ ಹೇಳಿ ಮುಂದೆ ಹೋಗಿ. ಅವಳನ್ನು ಕೆಣಕಿದರೆ ನಷ್ಟ ತನಗೇ ಅಂತ ಗೊತ್ತಾದ ಮೇಲೆ ಅವನೇ ಕೇಳಲು ಶುರುಮಾಡುತ್ತಾನೆ: ‘ಅಲೆ ಬರೋಕೆ ಮುಂಚೆ ಕೆಲವು ಸಲ ನೀರು ಹಿಂದಕ್ಕೆ ಹೋಗುತ್ತಂತಲ್ಲ, ಯಾಕೆ?’

ತರಗತಿಯಲ್ಲಿ ಏನಾದರೂ ಪ್ರಶ್ನೆ ಕೇಳಿದರೆ, ಚರ್ಚೆಗೆ ಮುಂಚೆ ಪ್ರತಿಯೊಬ್ಬರೂ ತಮ್ಮ ಉತ್ತರ ಚೀಟಿಯಲ್ಲಿ ಬರೆಯಲಿ. 1951ರಲ್ಲಿ ಸಾಲಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಗೆರೆಗಳ ಉದ್ದ ಹೋಲಿಸಿ ಹೇಳುವುದಷ್ಟೇ ಕೆಲಸ, ಆದರೂ ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ತಪ್ಪು ಹೇಳಿದಾಗ, ಸರಿ ಕಣ್ಣೆದುರೇ ಇದ್ದರೂ, ಹಲವರು ಒಂದಲ್ಲ ಒಂದು ಸಲ ತಪ್ಪಿಗೇ ದನಿಗೂಡಿಸಿದರು. ಜೊತೆಗೆ ಸರಿ ಹೇಳುವವನು ಒಬ್ಬನಿದ್ದಾಗ ಹಾಗೆ ವಾಲಿದವರು ತೀರಾ ಕಡಿಮೆ. ಅದಕ್ಕೇ ತರಗತಿಯಲ್ಲಿ ಮೊದಲು ‘ನನಗೆ ಹಾಗನ್ನಿಸಲ್ಲ’ ಅನ್ನುವ ಮಗುವನ್ನು ಪೂರ್ತಿ ಮಾತಾಡಲು ಬಿಡಿ, ಅದರ ಮಾತು ತಪ್ಪಾಗಿದ್ದರೂ ಸರಿ.

ಗುಂಪು ಗುಂಪಿಗೆ ಪೈಪೋಟಿ ಮಾತ್ರ ಜಾಸ್ತಿ ಬೇಡ. 1954ರಲ್ಲಿ ಮುಜಾಫರ್ ಶೆರಿಫ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರು ಬೇಸಿಗೆ ಶಿಬಿರದ ಹುಡುಗರನ್ನು ಎರಡು ತಂಡ ಮಾಡಿ ಬಹುಮಾನಕ್ಕೆ ಆಡಿಸಿದಾಗ ಹಗೆತನವೇ ಬೆಳೆಯಿತು. ಒಟ್ಟಿಗೆ ಊಟಕ್ಕೆ ಕೂರಿಸಿದರೂ ಹೋಗಲಿಲ್ಲ. ಶಿಬಿರದ ನೀರಿನ ತೊಂದರೆಯಂಥ, ಎರಡೂ ತಂಡ ಸೇರಿಯೇ ಬಿಡಿಸಬೇಕಾದ ಕೆಲಸಗಳು ಬಂದಾಗಲೇ ಅದು ಕರಗುತ್ತಾ ಬಂತು.

ಕೊನೆಗೆ ಕಿರುಪರೀಕ್ಷೆ ಇಡಿ, ಅಂಕ ಅವರವರದ್ದೇ ಇರಲಿ. ಮೊದಲ ಸಲ ಗಲಾಟೆ ಆಗುತ್ತೆ, ಕೈಬಿಡಬೇಡಿ. ಸುಲಭದ ಪಾಠಗಳಲ್ಲಿ ಎರಡು ಮೂರು ಸಲ ಮಾಡಿಸಿದ ಮೇಲೆ ಗುಂಪುಗಳನ್ನು ಬದಲಿಸಿ.