ಹಳೆ ಮಿನಿ ಟ್ರ್ಯಾಕ್ಟರ್‌ನ ಗೇರ್ ಬಾಕ್ಸ್: ಮನೆಯಲ್ಲೇ ಜೋಡಿಸುವುದು ಹೇಗೆ?

ಗೇರ್ ಬಾಕ್ಸ್ ಬಿಚ್ಚಿ ಮತ್ತೆ ಜೋಡಿಸಿದವರಿಂದ ಬರುವ ದೂರು ಹೆಚ್ಚಾಗಿ ಒಂದೇ. ಎಣ್ಣೆ ತುಂಬಿ, ಸ್ಟಾರ್ಟ್ ಮಾಡಿ, ಕ್ಲಚ್ ಬಿಟ್ಟ ತಕ್ಷಣ ಗಾಡಿ ಜಗ್ಗಿ ನಿಂತುಬಿಡುತ್ತದೆ. ಒಳಗೆ ಎರಡು ಗೇರ್ ಒಟ್ಟಿಗೆ ಬಿದ್ದಿರುತ್ತವೆ. ದೊಡ್ಡ ಗೇರ್ ಕೂರಿಸುವಾಗ ಎಲ್ಲರೂ ಹುಷಾರಾಗಿರುತ್ತಾರೆ. ಎಡವುವುದು ಶಿಫ್ಟರ್ ರಾಡುಗಳ (ಗೇರ್ ಲಿವರ್ ಸರಿಸುವ ಸರಳುಗಳು) ನಡುವಿನ ಸಣ್ಣ ಗುಂಡು ಮತ್ತು ಪಿನ್ನಿನಲ್ಲಿ. ಅದಕ್ಕೇ ಇಲ್ಲಿ ಆ ಭಾಗವನ್ನು ಬಿಡಿಸಿ ಹೇಳುತ್ತೇನೆ.

ನನ್ನ ಮನಸ್ಸಿನಲ್ಲಿರುವುದು 9 ಅಡಿ ಅಂತರದ ಅಡಿಕೆ ಸಾಲುಗಳಲ್ಲಿ, ದ್ರಾಕ್ಷಿ ತೋಟಗಳಲ್ಲಿ ಓಡಾಡುವ ಮಿತ್ಸುಬಿಷಿ ಶಕ್ತಿ ಎಂಟಿ 180ಡಿ ತರಹದ 18.5 ಎಚ್‌ಪಿ ಗಾಡಿ. ಮುಂದಕ್ಕೆ 6, ಹಿಂದಕ್ಕೆ 2 ಗೇರ್. ಸ್ಲೈಡಿಂಗ್ ಮೆಶ್, ಅಂದರೆ ಗೇರೇ ಶಾಫ್ಟಿನ ಮೇಲೆ ಜಾರಿ ಇನ್ನೊಂದಕ್ಕೆ ಕಚ್ಚಿಕೊಳ್ಳುತ್ತದೆ. ಗೇರ್ ಬೀಳುವ ಮೊದಲು ವೇಗ ಹೊಂದಿಸುವ ಸಿಂಕ್ರೊನೈಸರ್ ಗೋಜಿಲ್ಲ. ಹಾಗಾಗಿ ತಾಳ್ಮೆ ಇದ್ದವರು ಮನೆಯಲ್ಲೇ ಮಾಡಬಹುದು. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಮತ್ತು ಪಾರ್ಟ್ಸ್ ಕ್ಯಾಟಲಾಗ್ ಪಕ್ಕದಲ್ಲಿರಲೇಬೇಕು.

ಮೊದಲು ಗಾಡಿ ಭದ್ರವಾಗಿದೆಯಾ ನೋಡಿ. ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ತೂಗುತ್ತದೆ. ಗೇರ್ ಬಾಕ್ಸ್ ಬಿಚ್ಚಲು ಎರಡು ತುಂಡು ಮಾಡಿದ ಟ್ರ್ಯಾಕ್ಟರ್‌ನ ಎಂಜಿನ್ ಭಾಗ ಪಕ್ಕಕ್ಕೆ ಮಗುಚುವುದು ಇದರಿಂದಲೇ. ಆಕ್ಸಲ್ ಮತ್ತು ಅದರ ಬ್ರಾಕೆಟ್ ನಡುವೆ ಎರಡೂ ಕಡೆ ಗಟ್ಟಿ ಮರದ ಬೆಣೆ ಬಡಿಯಿರಿ. ಬರೀ ಜಾಕ್ ನಂಬಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಅಂತೂ ಬೇಡವೇ ಬೇಡ, ಭಾರಕ್ಕೆ ಸಿಡಿಯುತ್ತವೆ.

ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಹಲ್ಲಿನ ತುದಿ ಸವೆದ ಗೇರ್ ವಾಪಸ್ ಹಾಕಬೇಡಿ. ಆಯಿಲ್ ಸೀಲ್, ಸರ್ಕ್ಲಿಪ್ (ಶಾಫ್ಟಿನ ಕಚ್ಚಿನಲ್ಲಿ ಕೂರುವ ಸ್ಪ್ರಿಂಗ್ ಬಳೆ), ಪ್ಯಾಕಿಂಗ್ ಎಲ್ಲ ಹೊಸತೇ ಇರಲಿ.

ಬೇರಿಂಗ್ ತರುವಾಗ ಹಳೆಯದರ ರಿಂಗಿನ ಮೇಲಿನ ನಂಬರ್ ಓದಿಕೊಂಡು ಹೋಗಿ. 6205 ಅಂದರೆ ಒಳಗಿನ ರಂಧ್ರ 25 ಮಿ.ಮೀ., ಹೊರ ಅಳತೆ 52 ಮಿ.ಮೀ. ಅರ್ಧ ಬೆಲೆಗೆ ಕೊಡುತ್ತೇನೆ ಎನ್ನುವ ಅಂಗಡಿಯವರ ಮಾತು ಕೇಳಬೇಡಿ. ಡಬ್ಬಿಯ ಮೇಲೆ ಒಳ್ಳೆಯ ಹೆಸರಿದ್ದು ಒಳಗೆ ಕಳಪೆ ಮಾಲು ಇರುತ್ತದೆ. ಉಳಿಸಿದ ದುಡ್ಡಿಗಾಗಿ ಮತ್ತೆ ಇಡೀ ಗಾಡಿ ಬಿಚ್ಚಬೇಕಾಗುತ್ತದೆ. ಶಾಫ್ಟಿಗೆ ಹಾಕುವಾಗ ಒಳ ರಿಂಗಿನ ಮೇಲೆ, ಹೌಸಿಂಗ್‌ಗೆ ಕೂರಿಸುವಾಗ ಹೊರ ರಿಂಗಿನ ಮೇಲೆ ಮಾತ್ರ ಒತ್ತಡ ಬೀಳಬೇಕು. ಬಿಗಿ ಅನಿಸಿದರೆ ಬೇರಿಂಗನ್ನು ಎಣ್ಣೆಯಲ್ಲಿ 80ರಿಂದ 100 ಡಿಗ್ರಿವರೆಗೆ ಬಿಸಿ ಮಾಡಿ, ಸಲೀಸಾಗಿ ಜಾರುತ್ತದೆ. ಗ್ಯಾಸ್ ಕಟರ್ ಬೆಂಕಿ ಹಿಡಿದರೆ ಉಕ್ಕಿನ ಗಡಸು ಹೋಗುತ್ತದೆ.

ಶಾಫ್ಟುಗಳು ಬಿಚ್ಚಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಕೂರುತ್ತವೆ. ಶಿಮ್‌ಗಳು (ಸಂದು ಹೊಂದಿಸುವ ತೆಳು ಬಿಲ್ಲೆಗಳು) ಯಾವ ಪಕ್ಕದಿಂದ ಬಂದವೋ ಅದೇ ಪಕ್ಕಕ್ಕೆ, ಅಷ್ಟೇ ಸಂಖ್ಯೆಯಲ್ಲಿ ಹೋಗಲಿ. ಹಿಂದಿನ ಆಕ್ಸಲ್‌ಗೆ ಶಕ್ತಿ ತಿರುಗಿಸುವ ಕ್ರೌನ್-ಪಿನಿಯನ್ ಗೇರ್ ಜೋಡಿಯನ್ನು ಬಿಚ್ಚುವಾಗ ಮುಟ್ಟಿಲ್ಲ ಅಂದರೆ ಈಗಲೂ ಮುಟ್ಟಲೇಬೇಡಿ.

ಈಗ ಶಿಫ್ಟರ್ ರಾಡುಗಳು. ಪ್ರತಿ ರಾಡಿನಲ್ಲಿ ಸಾಲಾಗಿ ಸಣ್ಣ ಗುಳಿಗಳಿವೆ. ಸ್ಪ್ರಿಂಗ್ ಒತ್ತುವ ಉಕ್ಕಿನ ಗುಂಡೊಂದು ಆ ಗುಳಿಯಲ್ಲಿ ಕೂತು ಗೇರ್ ತಾನಾಗಿ ಜಾರದಂತೆ ಹಿಡಿದಿರುತ್ತದೆ. ಇದರ ಕೆಲಸ ಅಷ್ಟೇ. ಎರಡು ರಾಡುಗಳ ನಡುವಿನ ಅಡ್ಡ ತೂತಿನಲ್ಲಿ ಇನ್ನೊಂದು ಪಿನ್ ಅಥವಾ ಗುಂಡು ಇದೆ, ಇಂಟರ್‌ಲಾಕ್. ಒಂದು ರಾಡು ನ್ಯೂಟ್ರಲ್‌ನಿಂದ ಸರಿದ ತಕ್ಷಣ ಅದು ಇಂಟರ್‌ಲಾಕನ್ನು ಪಕ್ಕದ ರಾಡಿನ ಗುಳಿಗೆ ತಳ್ಳುತ್ತದೆ. ಪಕ್ಕದ ರಾಡು ಅಲುಗುವಂತಿಲ್ಲ. ಜನ ಮರೆಯುವುದು ಇದನ್ನೇ. ಬಿಚ್ಚುವಾಗ ಅದು ಸದ್ದಿಲ್ಲದೆ ತೊಳೆಯುವ ಟ್ರೇಗೆ ಬಿದ್ದಿರುತ್ತದೆ. ಮೂರು ರಾಡಿರುವ ಗೇರ್ ಬಾಕ್ಸಿನಲ್ಲಿ ನಡುವಿನ ರಾಡಿನೊಳಗೇ ತೆಳ್ಳನೆಯ ಮತ್ತೊಂದು ಪಿನ್ ಇರಬಹುದು. ಕ್ಯಾಟಲಾಗಿನ ಚಿತ್ರ ನೋಡಿ ಒಂದೊಂದನ್ನೂ ಎಣಿಸಿಕೊಳ್ಳಿ.

ಕೆಲಸ ಶುರು ಮಾಡುವ ಮೊದಲು ಗೇರ್‌ಗಳ ಮೇಲೆ ಒಂದು ಬಟ್ಟೆ ಹಾಸಿ. ಗುಂಡು ಚಿಮ್ಮಿ ಕೆಳಗೆ ಬಿದ್ದರೆ ಮ್ಯಾಗ್ನೆಟ್ ಹಿಡಿದು ಹುಡುಕುತ್ತಾ ಕೂರಬೇಕಾಗುತ್ತದೆ. ಮೊದಲ ರಾಡನ್ನು ಫೋರ್ಕ್ (ಗೇರನ್ನು ಜಾರಿಸುವ ಕವಲು) ಸಮೇತ ತೂರಿಸಿ, ನ್ಯೂಟ್ರಲ್ ಗುಳಿಗೆ ತಂದು ನಿಲ್ಲಿಸಿ. ಆಮೇಲೆ ಇಂಟರ್‌ಲಾಕ್ ಪಿನ್ನಿಗೆ ಗಟ್ಟಿ ಗ್ರೀಸ್ ಬಳಿದು ಅಡ್ಡ ತೂತಿಗೆ ಇಡಿ. ಗ್ರೀಸ್ ಅದನ್ನು ಹಿಡಿದುಕೊಳ್ಳುತ್ತದೆ. ಈಗ ಎರಡನೇ ರಾಡು. ಸ್ಪ್ರಿಂಗ್ ಮತ್ತು ಗುಂಡು ಒಳಗಿನಿಂದಲೇ ಕೂರುವ ಮಾದರಿಯಾದರೆ, ತುದಿ ಉರುಟಾದ ಸಣ್ಣ ಕಡ್ಡಿಯಿಂದ ಗುಂಡನ್ನು ಒತ್ತಿ ಹಿಡಿದು, ರಾಡನ್ನು ತಿರುಗಿಸುತ್ತಾ ಅದರ ಮೇಲೆ ಹಾಯಿಸಿ. ಇಬ್ಬರಿದ್ದರೆ ಒಳ್ಳೆಯದು. ರಾಡು ಮುಂದಕ್ಕೆ ಹೋಗದಿದ್ದರೆ ಸುಮ್ನೆ ಸುತ್ತಿಗೆ ಎತ್ತಬೇಡಿ. ಮೊದಲ ರಾಡು ನ್ಯೂಟ್ರಲ್‌ನಿಂದ ಕೂದಲೆಳೆಯಷ್ಟು ಸರಿದಿರುತ್ತದೆ, ಅದನ್ನು ಸರಿ ಮಾಡಿದರೆ ಇದು ತಾನೇ ಹೋಗುತ್ತದೆ. ಸ್ಪ್ರಿಂಗ್‌ಗಳ ಉದ್ದ ಬೇರೆ ಬೇರೆ ಇದ್ದರೆ ಅದಲು ಬದಲಾಗದಂತೆ ನೋಡಿಕೊಳ್ಳಿ. ಸೈಕಲ್ ಅಂಗಡಿಯ ಗುಂಡು ಹಾಕಬೇಡಿ. ಅಳತೆಯಲ್ಲಿ ಸ್ವಲ್ಪ ಸಣ್ಣದಾದರೂ ಗೇರ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಫೋರ್ಕಿನ ಬೋಲ್ಟ್ ಬಿಗಿ ಮಾಡಿ, ತಲೆಯಲ್ಲಿ ತೂತಿದ್ದರೆ ತಂತಿ ಲಾಕ್ ಹಾಕಿ.

ಮುಚ್ಚಳ ಹಾಕುವ ಮೊದಲು ಕೈಯಲ್ಲೇ ಪರೀಕ್ಷೆ ಮಾಡಿ. ನ್ಯೂಟ್ರಲ್‌ನಲ್ಲಿ ಇನ್‌ಪುಟ್ ಶಾಫ್ಟ್ ತಿರುಗಿಸಿದರೆ ಔಟ್‌ಪುಟ್ ತಿರುಗಬಾರದು. ಒಂದೊಂದೇ ಗೇರ್ ಹಾಕಿ, ಪ್ರತಿ ಗೇರಿನಲ್ಲೂ ಪೂರ್ತಿ ಸುತ್ತು ತಿರುಗಿಸಿ. ಹಲ್ಲಿನ ಅಗಲ ಪೂರ್ತಿ ಕಚ್ಚಿದೆಯಾ ಕಣ್ಣಾರೆ ನೋಡಿ. ನಂತರ ಒಂದು ಗೇರ್ ಹಾಕಿಟ್ಟು ಪಕ್ಕದ ರಾಡನ್ನು ಸ್ಕ್ರೂಡ್ರೈವರ್‌ನಿಂದ ತಳ್ಳಿ. ಅದು ಅಲುಗಿದರೆ ಇಂಟರ್‌ಲಾಕ್ ಸರಿಯಾಗಿ ಕೂತಿಲ್ಲ ಎಂದೇ ಅರ್ಥ, ಮತ್ತೆ ಬಿಚ್ಚಿ. ಇದು ಸರಿಯಾಗುವವರೆಗೆ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ.

ಮುಚ್ಚಳಕ್ಕೆ ಪೇಪರ್ ಪ್ಯಾಕಿಂಗೇ ಒಳ್ಳೆಯದು, ಎರಡೂ ಕಡೆ ತೆಳ್ಳಗೆ ಶೆಲ್ಯಾಕ್ (ಅರಗಿನ ಅಂಟು) ಹಚ್ಚಿದರೆ ಸಾಕು. ಟ್ಯೂಬ್ ಸಿಲಿಕಾನ್ ಜಾಸ್ತಿ ಹಚ್ಚಿದರೆ ಒಳಕ್ಕೆ ಉಬ್ಬಿ ತುಂಡಾಗಿ ಬೀಳುತ್ತದೆ. ಅದೇ ಎಣ್ಣೆಯಲ್ಲಿ ಹೈಡ್ರಾಲಿಕ್ ನಡೆಯುವ ಗಾಡಿಗಳಲ್ಲಿ ಆ ತುಂಡು ಪಂಪಿನ ಜಾಲರಿಗೆ ಹೋಗಿ ಕಟ್ಟಿಕೊಳ್ಳುತ್ತದೆ.

ಎಂಜಿನ್‌ಗೆ ಗೇರ್ ಬಾಕ್ಸ್ ಸೇರಿಸುವಾಗ ಕ್ಲಚ್ ಪ್ಲೇಟನ್ನು ಡಮ್ಮಿ ಶಾಫ್ಟ್ (ಅದೇ ಅಳತೆಯ ತಾತ್ಕಾಲಿಕ ಸರಳು) ಹಾಕಿ ನಡುವಿಗೆ ತಂದಿರಬೇಕು. ಕೊನೆಯ ಎರಡು ಬೆರಳಿನಷ್ಟು ಜಾಗ ಉಳಿದಾಗ ಬೋಲ್ಟಿನಿಂದ ಎಳೆದು ಕೂರಿಸುವ ಆಸೆ ಬರುತ್ತದೆ. ದಯವಿಟ್ಟು ಬೇಡ, ಹೌಸಿಂಗ್‌ನ ಕಿವಿ ಮುರಿಯುತ್ತದೆ, ಇಲ್ಲವೇ ಕ್ಲಚ್ ಪ್ಲೇಟಿನ ಹಬ್ ಸೊಟ್ಟಗಾಗುತ್ತದೆ. ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ನಿಧಾನಕ್ಕೆ ತಿರುಗಿಸಿ. ಶಾಫ್ಟಿನ ಉದ್ದ ಹಲ್ಲುಗಳು, ಅಂದರೆ ಸ್ಪ್ಲೈನ್, ಹೊಂದಿಕೊಂಡಾಗ ಎರಡೂ ಮುಖ ಕೈಯ ಬಲಕ್ಕೇ ಕೂಡಿಕೊಳ್ಳುತ್ತವೆ. ಆಮೇಲೆ ಬೋಲ್ಟುಗಳನ್ನು ಎದುರುಬದುರಾಗಿ, ಮ್ಯಾನುಯಲ್‌ನ ಟಾರ್ಕ್‌ಗೆ ಬಿಗಿ ಮಾಡಿ.

ಎಣ್ಣೆ ಮ್ಯಾನುಯಲ್ ಹೇಳಿದ್ದೇ ಇರಲಿ. ಗೇರ್ ಎಣ್ಣೆಯ ದರ್ಜೆ ಜಿಎಲ್-4 ಎಂದಿರುವಲ್ಲಿ ಜಿಎಲ್-5 ಸುರಿಯಬೇಡಿ, ಹಿತ್ತಾಳೆ ಬುಷ್‌ಗಳಿಗೆ ಅದು ಆಗಿಬರುವುದಿಲ್ಲ. ಸ್ಟಾರ್ಟ್ ಮಾಡಿ ಹತ್ತು ನಿಮಿಷ ನ್ಯೂಟ್ರಲ್‌ನಲ್ಲಿ ಬಿಡಿ, ಸೀಲ್‌ಗಳ ಸುತ್ತ ಎಣ್ಣೆ ಜಿನುಗುತ್ತಿದೆಯಾ ನೋಡಿ. ನಂತರ ಲೋ ಒಂದನೇ ಗೇರಿನಲ್ಲಿ, ಟ್ರೇಲರ್ ಕಟ್ಟದೆ, ಬಯಲಲ್ಲಿ ಓಡಿಸಿ. ಕೆಲವು ದಿನ ಕೆಲಸ ಮಾಡಿಸಿದ ಮೇಲೆ ಡ್ರೈನ್ ಪ್ಲಗ್ ಬಿಚ್ಚಿ. ಅದರ ಮ್ಯಾಗ್ನೆಟ್ಟಿಗೆ ನುಣ್ಣನೆಯ ಬೂದು ಪುಡಿ ಅಂಟಿದ್ದರೆ ಚಿಂತೆ ಇಲ್ಲ. ಚೂರು, ಚಕ್ಕೆ ಸಿಕ್ಕಿದರೆ ಅಂದೇ ಗಾಡಿ ನಿಲ್ಲಿಸಿ, ಮುಚ್ಚಳ ತೆಗೆದು ನೋಡಿ.