ಕಲಬುರಗಿಯಲ್ಲಿ ಕೂತು ಕಡಲ ದಂಡೆ ಕೊರೆಯೋದು ಹೇಗೆ?

"ಟೀಚರ್, ಸಮುದ್ರ ನಮಗ್ಯಾಕ್ರಿ?" ಅಂತ ನನ್ನ ಹೈಸ್ಕೂಲ್ ಮಕ್ಕಳು ಕೇಳುತ್ತಾರೆ. ಕೇಳಲಿ. ಅಲೆಗೆ ಮರಳು ಹೇಗೆ ಜರುಗುತ್ತದೆ ಅನ್ನೋದನ್ನು ಕಾರವಾರಕ್ಕಿಂತ ತೊಟ್ಟಿಯಲ್ಲೇ ಚೆನ್ನಾಗಿ ನೋಡಬಹುದು. ಕಡಲಲ್ಲಿ ಗಾಳಿ, ಉಬ್ಬರ, ಅಲೆ ಎಲ್ಲ ಒಟ್ಟಿಗೇ ಬದಲಾಗುತ್ತವೆ. ಯಾವುದರಿಂದ ಏನಾಯಿತು ಅಂತ ಹೇಳೋದು ಕಷ್ಟ. ತೊಟ್ಟಿಯಲ್ಲಿ ಒಂದನ್ನೇ ಬದಲಿಸಬಹುದು.

ಆರಡಿ ಉದ್ದದ ಗಾಜಿನ ಮೀನಿನ ತೊಟ್ಟಿ ಸಾಕು. ತೊಟ್ಟಿಯ ಕೆಳಗೆ ಶಹಾಬಾದ್ ಪರಸಿ (ಚಪ್ಪಡಿ ಕಲ್ಲು) ಹಾಕಿ ಮಟ್ಟ ಮಾಡಿ, ಇಲ್ಲದಿದ್ದರೆ ಭಾರಕ್ಕೆ ಗಾಜು ಸೀಳುತ್ತದೆ. ನೀರು 15 ಸೆಂ.ಮೀ. ಒಂದು ತುದಿಯಲ್ಲಿ, ಅಲೆ ಎಬ್ಬಿಸೋಕೆ, ಕೆಳಗೆ ಕೀಲು ಹಾಕಿದ ಹಲಗೆ. ಇನ್ನೊಂದು ತುದಿಯಲ್ಲಿ ಮರಳಿನ ಇಳಿಜಾರು, ಆರು ಸೆಂ.ಮೀ. ಉದ್ದಕ್ಕೆ ಒಂದು ಸೆಂ.ಮೀ. ಏರುವಂತೆ, ಮೇಲ್ಭಾಗ ನೀರಿನಿಂದ ಹೊರಗಿರಲಿ.

ಮರಳಿನ ವಿಷಯದಲ್ಲಿ ಅವಸರ ಬೇಡ. ನದಿ ಮರಳನ್ನು ಚಹಾ ಜರಡಿಯಲ್ಲಿ ಸೋಸಿ. ಆಮೇಲೆ ನೀರು ತಿಳಿಯಾಗುವ ತನಕ ತೊಳೆಯಿರಿ. ಚೂರು ಎರೆ ಮಣ್ಣು ಉಳಿದರೂ ತೊಟ್ಟಿಯೆಲ್ಲ ರಾಡಿ, ಏನೂ ಕಾಣಲ್ಲ. ಈಗ ಎತ್ತರದ ಗಾಜಿನ ಜಾಡಿಗೆ ನೀರು ತುಂಬಿ, 30 ಸೆಂ.ಮೀ. ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಒದ್ದೆ ಮರಳನ್ನು ಒಂದು ಚಿಟಿಕೆಯಷ್ಟೇ ಬಿಡಿ. ಜಾಸ್ತಿ ಹಾಕಿದರೆ ಗುಂಪಾಗಿ ಬೇಗ ಇಳಿದುಬಿಡುತ್ತದೆ. ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ ಹತ್ತು ಸೆಕೆಂಡ್ ಬಂತು ಅನ್ನಿ, ಬೀಳುವ ವೇಗ ಸೆಕೆಂಡಿಗೆ 3 ಸೆಂ.ಮೀ.

ಈ ಸಂಖ್ಯೆಯೇ ಕೀಲಿಕೈ. ಅಲೆಯ ಎತ್ತರವನ್ನು ಈ ವೇಗದಿಂದ ಭಾಗಿಸಿ, ಮತ್ತೆ ಎರಡು ಅಲೆಗಳ ನಡುವಿನ ಸಮಯದಿಂದ ಭಾಗಿಸಿ. ಅಮೆರಿಕದ ಕಡಲತೀರ ಎಂಜಿನಿಯರ್ ರಾಬರ್ಟ್ ಡೀನ್ ಕೊಟ್ಟ ಲೆಕ್ಕ ಇದು. ಒಂದು ಅಲೆ ಬಂದು ಹೋಗುವಷ್ಟರಲ್ಲಿ ಮೇಲೆದ್ದ ಕಾಳು ತಳ ಸೇರುತ್ತದೋ ಇಲ್ಲವೋ ಅಂತ ಅದು ಹೇಳುತ್ತದೆ, ಅಷ್ಟೇ.

ಮೊದಲು ಹಲಗೆಯನ್ನು ನಿಧಾನಕ್ಕೆ ಆಡಿಸಿ: 2 ಸೆಂ.ಮೀ. ಅಲೆ, ಒಂದೂವರೆ ಸೆಕೆಂಡಿಗೊಂದು. ಲೆಕ್ಕ ಅರ್ಧಕ್ಕಿಂತ ಕಡಿಮೆ ಬರುತ್ತದೆ. ಮರಳು ದಂಡೆಯ ಕಡೆಗೆ ಸರಿಯಬೇಕು. ಆಮೇಲೆ ಜೋರಾಗಿ: 6 ಸೆಂ.ಮೀ. ಅಲೆ, 0.8 ಸೆಕೆಂಡಿಗೊಂದು. ಲೆಕ್ಕ 2.5. ಈಗ ಕಾಳು ನೀರಲ್ಲೇ ತೇಲುತ್ತಿರುತ್ತದೆ, ತಳದಲ್ಲಿ ಹಿಂದಕ್ಕೆ ಹರಿಯುವ ನೀರು ಎಳೆದೊಯ್ಯುತ್ತದೆ. ದಂಡೆ ಕೊರೆದು, ಅಲೆ ಮುರಿಯುವ ಕಡೆ ನೀರಡಿ ಒಂದು ದಿಬ್ಬ ಏಳುತ್ತದೆ. ಬಿರುಗಾಳಿ ಬಂದಾಗ ಕಡಲತೀರದಲ್ಲೂ ಹೀಗೇ. ಪ್ರತಿ ಸಲ ಮಾರ್ಕರ್‌ನಲ್ಲಿ ಗಾಜಿನ ಮೇಲೆ ಮರಳಿನ ಗೆರೆ ಎಳೆಯಿರಿ. ಮರಳು ದಂಡೆಗೆ ಬರೋದು ನಿಂತು ದಂಡೆ ಕೊರೆಯೋಕೆ ಶುರುವಾಗುವ ತಿರುವು, ಲೆಕ್ಕ 1ರ ಸುತ್ತಮುತ್ತ ಬಂದಾಗ ಅಂತಾರೆ, ಆದರೆ ತೊಟ್ಟಿ ಬದಲಾದರೆ ಅದೂ ಬದಲಾಗುತ್ತದೆ, ಗಟ್ಟಿಯಾಗಿ ಹಿಡಿಯಬೇಡಿ.

ಇಷ್ಟು ಸಣ್ಣದರಲ್ಲೇ ಆಗೋದಾದರೆ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ 300 ಮೀಟರ್ ಉದ್ದ, 5 ಮೀಟರ್ ಅಗಲದ ಡೆಲ್ಟಾ ಫ್ಲೂಮ್ ಅನ್ನೋ ಅಲೆ ತೊಟ್ಟಿ ಯಾಕೆ? ಅಲೆಯನ್ನು ಕುಗ್ಗಿಸಬಹುದು, ಮರಳನ್ನು ಕುಗ್ಗಿಸೋಕಾಗಲ್ಲ. 0.25 ಮಿ.ಮೀ. ಕಾಳನ್ನು 25ರಲ್ಲಿ ಒಂದು ಪಾಲು ಮಾಡಿದರೆ 0.01 ಮಿ.ಮೀ., ಅದು ಮರಳೇ ಅಲ್ಲ, ಕೆಸರಿನ ಹುಡಿ. ಹಾಗಾಗಿ ನಮ್ಮ ತೊಟ್ಟಿಯಲ್ಲಿ ಕಾಳು ಅಲೆಗೆ ತೀರಾ ದಪ್ಪ, ತಳದ ಸಣ್ಣ ಸಣ್ಣ ಏರಿಳಿತಗಳೂ ಗುಡ್ಡದಂತೆ ಕಾಣುತ್ತವೆ. ಆಕಾರ ನೋಡಿ, ಸೆಂಟಿಮೀಟರ್ ನಂಬಬೇಡಿ. ಎಷ್ಟು ಮರಳು ಹೋಯಿತು ಅಂತ ಅಳೆಯಬೇಕಾದರೆ ನಿಜ ಮರಳು, ನಿಜ ಗಾತ್ರದ ಅಲೆ ಬೇಕು.

ಕೆಲಸ ಮುಗಿದ ಮೇಲೆ ನೀರನ್ನು ಸಿಂಕಿಗೆ ಸುರಿಯಬೇಡಿ, ಮರಳು ಸೇರಿ ಪೈಪ್ ಕಟ್ಟಿಕೊಳ್ಳುತ್ತದೆ. ನಮ್ಮ ಬಿಸಿಲಲ್ಲಿ ಹೊರಗಿನ ಬೇವಿನ ಗಿಡಕ್ಕೆ ಹಾಕಿ.