ನಮ್ಮ ರಿಪೀಟರ್‌ನಲ್ಲಿ ಕಬ್ಬಿನ ಕಾರ್ಖಾನೆ ಮಾತು

ಬೆಳಗಾವಿ ಹತ್ತಿರದ ಗುಡ್ಡದ ಟವರ್‌ನಲ್ಲಿ ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೋ) ರಿಪೀಟರ್ ಇದೆ. ಒಂದು ಫ್ರೀಕ್ವೆನ್ಸಿಯಲ್ಲಿ (ಇನ್‌ಪುಟ್) ಬಂದ ಮಾತನ್ನು ಅದು ಇನ್ನೊಂದರಲ್ಲಿ (ಔಟ್‌ಪುಟ್) ಮರುಪ್ರಸಾರ ಮಾಡುತ್ತದೆ. ಅದೇ ಟವರ್‌ನಲ್ಲಿ ಬೇರೆಯವರ ಆಂಟೆನಾಗಳೂ ಇವೆ. ಕಬ್ಬಿನ ಹಂಗಾಮು ಶುರುವಾದ ಮೇಲೆ ರಿಪೀಟರ್ ಹಟ ಹಿಡಿಯಿತು. ನಾವು ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಬಿಟ್ಟರೂ ಅದು ಬಿಡುತ್ತಿರಲಿಲ್ಲ. ಒಡೆದ ದನಿಯಲ್ಲಿ "ಆ ಟ್ರ್ಯಾಕ್ಟರ್ ತೂಕಕ್ಕ ಬಿಡ್ರಿ" ಅಂತ ಕೇಳುತ್ತಿತ್ತು.

ಕಾರ್ಖಾನೆಯವರು ನಮ್ಮ ಫ್ರೀಕ್ವೆನ್ಸಿಗೆ ನುಗ್ಗಿದ್ದಾರೆ ಅಂತ ಗೆಳೆಯರೆಲ್ಲ ಸಿಟ್ಟಾದರು. ನನಗೆ ಹಾಗನ್ನಿಸಲಿಲ್ಲ. ನಮ್ಮ ರಿಪೀಟರ್ ಸುಮ್ನಿದ್ದಾಗ ಅವರ ಮಾತು ಬರುತ್ತಲೇ ಇರಲಿಲ್ಲ, ಅದು ಪ್ರಸಾರ ಮಾಡುತ್ತಿದ್ದಾಗ ಮಾತ್ರ. ಅಂದರೆ ಎರಡು ಸಿಗ್ನಲ್ ಕೂಡಿ ಮೂರನೆಯದು ಹುಟ್ಟುತ್ತಿದೆ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ನಮ್ಮ ಔಟ್‌ಪುಟ್ 145.600, ಇನ್‌ಪುಟ್ 145.000, ಅವರದು 146.200 ಮೆಗಾಹರ್ಟ್ಸ್. ನಮ್ಮ ಔಟ್‌ಪುಟ್‌ನ ಎರಡರಷ್ಟರಲ್ಲಿ ಅವರದನ್ನು ಕಳೆದರೆ ಸರಿಯಾಗಿ ನಮ್ಮ ಇನ್‌ಪುಟ್! ಔಟ್‌ಪುಟ್‌ನಲ್ಲೂ ಸಿಟಿಸಿಎಸ್ಎಸ್ ಟೋನ್ (ಮಾತಿನ ಜೊತೆ ಹೋಗುವ ಸಣ್ಣ ಗುರುತಿನ ದನಿ, ಅದು ಕೇಳಿಸಿದರೆ ಮಾತ್ರ ರಿಸೀವರ್ ತೆರೆಯುತ್ತದೆ) ಕಳಿಸುತ್ತಿದ್ದೆವಲ್ಲ, ಅದೂ ಜೊತೆಗೆ ಬಂದು ರಿಸೀವರ್ ಬಾಗಿಲು ತೆರೆಸುತ್ತಿತ್ತು. ಟೋನ್ ಬಂದ್ ಮಾಡಿದರೆ ಹಟ ನಿಲ್ಲುತ್ತದೆ, ಆದರೆ ದೂರದವರ ಸಣ್ಣ ಸಿಗ್ನಲ್ ಆ ಗದ್ದಲದ ಕೆಳಗೇ ಹೂತು ಹೋಗುತ್ತದೆ.

ಇನ್ನು ಕೂಡಿಕೆ ಆಗುತ್ತಿರುವುದು ಎಲ್ಲಿ? ಡ್ಯುಪ್ಲೆಕ್ಸರ್ (ಒಂದೇ ಆಂಟೆನಾದಲ್ಲಿ ಕಳಿಸುವುದನ್ನೂ ಕೇಳುವುದನ್ನೂ ಬೇರ್ಪಡಿಸುವ ಫಿಲ್ಟರ್) ಮತ್ತು ರಿಸೀವರ್ ನಡುವೆ 3 ಡಿಬಿ ಅಟೆನ್ಯೂಯೇಟರ್ (ಸಿಗ್ನಲ್ ತಗ್ಗಿಸುವ ತುಂಡು) ಹಾಕಿದೆ. ರಿಸೀವರ್ ಒಳಗೇ ಹುಟ್ಟಿದ್ದಾದರೆ, ಕೂಡುವ ಎರಡೂ ಸಿಗ್ನಲ್ ತಗ್ಗುವುದರಿಂದ ಗದ್ದಲ ಮೂರು ಪಟ್ಟು, ಸುಮಾರು 9 ಡಿಬಿ ಇಳಿಯಬೇಕು. ಇಳಿದದ್ದು ಮೂರೇ. ರಿಸೀವರ್ ನಿರ್ದೋಷಿ, ತೊಂದರೆ ಹೊರಗೇ ಇದೆ.

ಬೆಳಗಿನ ಮಂಜಿಗೆ ಗದ್ದಲ ಕಡಿಮೆ, ಬಿಸಿಲೇರಿದಂತೆ ಜಾಸ್ತಿ ಆಗುತ್ತಿತ್ತು. ಹಾಗಾಗಿ ತುಕ್ಕಿನ ಮೇಲೆ ಅನುಮಾನ. ಬೆಳಗಾವಿ ಮಳೆಗೆ ಜಿಐ ಬೋಲ್ಟ್‌ಗಳ ಸತುವಿನ ಲೇಪ ಎಷ್ಟು ದಿನ ಬಾಳುತ್ತೆ ಹೇಳಿ? ಕಾರ್ಖಾನೆಯ ಟೆಕ್ನಿಷಿಯನ್ ಒಳ್ಳೆಯವರು, ಕರೆದಾಗ ಬಂದು ಪಿಟಿಟಿ ಒತ್ತಿ ಕೊಟ್ಟರು. ನಾನು ಕೆಳಗಿನ ಪ್ಲಾಟ್‌ಫಾರ್ಮ್‌ನಿಂದ ಒಣ ಬಿದಿರು ಕೋಲಿನಲ್ಲಿ ಒಂದೊಂದೇ ಜೋಡಣೆ ತಟ್ಟುತ್ತಾ ಹೋದೆ. ಯಾರೂ ಬಳಸದ ಹಳೇ ಆಂಟೆನಾದ ಕ್ಲ್ಯಾಂಪ್ ತಟ್ಟಿದಾಗ ಸಿಗ್ನಲ್ ಮೀಟರ್ ಕುಣಿಯಿತು. ಒತ್ತಿ ಹಿಡಿದರೆ ಗದ್ದಲ ಬಹುಪಾಲು ಮಾಯ. ಪಕ್ಕದಲ್ಲೇ ಕೇಬಲ್ಲನ್ನು ಬೈಂಡಿಂಗ್ ತಂತಿಯಿಂದ ಬಿಗಿದಿದ್ದರು, ಅದೂ ಕಂದುಪುಡಿ. ತುಕ್ಕು ಹಿಡಿದ ಜೋಡಣೆ ಡಯೋಡ್‌ನಂತೆ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಕೆಲಸ ಮಾಡುತ್ತದೆ, ಸಿಗ್ನಲ್‌ಗಳು ಅಲ್ಲೇ ಕಲೆಯುತ್ತವೆ.

ಎಲ್ಲರ ಟ್ರಾನ್ಸ್‌ಮಿಟರ್ ಬಂದ್ ಮಾಡಿಸಿಯೇ ಮೇಲೆ ಹತ್ತಿದ್ದು. ಕ್ಲ್ಯಾಂಪ್ ತೆಗೆದೆವು, ಬೈಂಡಿಂಗ್ ತಂತಿ ಕತ್ತರಿಸಿ ಬಿಸಿಲು ತಡೆಯುವ ಪ್ಲಾಸ್ಟಿಕ್ ಟೈ ಹಾಕಿದೆವು. ಉಳಿದ ಸ್ವಲ್ಪ ಗದ್ದಲ ನಮ್ಮ ಟ್ರಾನ್ಸ್‌ಮಿಟರ್‌ನ ಕೊನೆಯ ಹಂತದಲ್ಲಿ ಹುಟ್ಟುತ್ತಿತ್ತು. ಅದಕ್ಕೆ ಐಸೊಲೇಟರ್ (ಸಿಗ್ನಲ್ಲನ್ನು ಹೊರಗೆ ಬಿಟ್ಟು, ಆಂಟೆನಾದಿಂದ ವಾಪಸ್ ಬರುವುದನ್ನು ತಡೆಯುವ ಸಾಧನ) ಕೂರಿಸಿದೆವು. ಐಸೊಲೇಟರ್ ತಾನೂ ಹಾರ್ಮೋನಿಕ್ (ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನ ಬೇಡದ ಸಿಗ್ನಲ್) ಹುಟ್ಟಿಸಬಹುದು, ಆದ್ದರಿಂದ ಅದರ ಮುಂದೆ ಆಂಟೆನಾ ಕಡೆಗೆ, ಮೇಲಿನ ಫ್ರೀಕ್ವೆನ್ಸಿ ತಡೆಯುವ ಲೋ-ಪಾಸ್ ಫಿಲ್ಟರ್ ಹಾಕೋದು ಮರೀಬೇಡಿ.